ಬೆಂಕಿ ತೋರಿಸಿದ ಬೀಜ

ನೆಲ್ಲಿಮಾನಿಯ ಪೂವಮ್ಮ ಮದುವೆಯಾಗಿ ಬಂದ ದಿನದಿಂದ ದೇವರಕಾಡಿನ ಮಗ್ಗುಲಲ್ಲೇ ಬದುಕಿದವಳು, ಆದರೆ ಅದರೊಳಗೆ ಒಂದು ಹೆಜ್ಜೆ ಇಟ್ಟವಳಲ್ಲ. ಅದು ಬೇಟೆಗಾರ ಅಯ್ಯಪ್ಪನ ಕಾಡು. ಗಡಿಕಲ್ಲಿನಿಂದ ಆಚೆಗೆ ಹೆಂಗಸರು ಹೋಗುವ ಹಾಗಿಲ್ಲ, ಗಂಡಸರೂ ಸುಮ್ಮಸುಮ್ಮನೆ ಹೋಗುವ ಹಾಗಿಲ್ಲ. ವರ್ಷಕ್ಕೊಮ್ಮೆ ಹಬ್ಬದ ದಿನ ಊರಿನ ಗಂಡಸರು ಹರಕೆಯ ಮಣ್ಣಿನ ನಾಯಿಗಳನ್ನು ಹೊತ್ತು ಒಳಗೆ ಹೋಗಿ ಒಪ್ಪಿಸಿ ಬರುತ್ತಿದ್ದರು. ಪೂವಮ್ಮ ಆ ನಾಯಿಗಳಿಗೆ ಕೆಮ್ಮಣ್ಣು ಬಳಿದು ಕೊಟ್ಟಿದ್ದಳೇ ಹೊರತು ಅವು ಒಳಗೆ ಎಲ್ಲಿ ಕೂತಿವೆ ಎಂದು ಕಂಡವಳಲ್ಲ. ಅವಳಿಗೆ ಗೊತ್ತಿದ್ದ ಕಾಡೆಂದರೆ ಅಂಗಳದಿಂದ ಕಾಣುವಷ್ಟು ಮಾತ್ರ. ಉಳಿದ ಮರಗಳನ್ನೆಲ್ಲ ಮೀರಿ ತಲೆ ಎತ್ತಿದ್ದ ಒಂದು ಬಿಳಿ ದೇವದಾರು, ಅದರ ಆಚೀಚೆ ಅದೇ ಜಾತಿಯ ನಾಲ್ಕಾರು ಮರ, ಕಾಯಿ ಒಡೆಯುವ ಹೊತ್ತಿಗೆ ಬಂದು ಕೂರುವ ಮಂಗಟ್ಟೆ ಹಕ್ಕಿಗಳು. ಬೆಳಿಗ್ಗೆ ಎದ್ದು ಮುಖ ತೊಳೆದವಳು ಕೈ ಮುಗಿಯುತ್ತಿದ್ದದ್ದು ಆ ದೊಡ್ಡ ಮರದ ತುದಿಗೆ. ದೇವರು ಅಲ್ಲಿಯೇ ಇದ್ದಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೇ ತೀರ್ಮಾನ ಮಾಡಿಕೊಂಡಿದ್ದಳು.

ಒಳಗೆ ಹೋಗುವ ಹಕ್ಕು ಇಲ್ಲದಿದ್ದರೂ ಆ ಕಾಡಿನ ಒಂದು ಕೆಲಸ ಮಾತ್ರ ನೆಲ್ಲಿಮಾನಿಯ ಹೆಂಗಸರದ್ದೇ ಆಗಿತ್ತು. ದೇವರಕಾಡಿನಿಂದ ಏನು ಹೊರಗೆ ಬಂದರೂ, ಬಿದ್ದ ಹಣ್ಣಾಗಲಿ, ಅಣಬೆಯಾಗಲಿ, ಔಷಧದ ಬೇರಾಗಲಿ, ಗಡಿಕಲ್ಲಿನ ಹತ್ತಿರ ಅದಕ್ಕೆ ಬೆಂಕಿ ತೋರಿಸಬೇಕು. ಅಲ್ಲಿ ಮೂರು ಕಲ್ಲಿನ ಒಂದು ಒಲೆ, ಒಲೆಯ ಮೇಲೆ ಮಣ್ಣಿನ ಓಡು, ಓಡಿನ ತುಂಬ ಬಿಸಿ ಬೂದಿ. ಬೂದಿಯಲ್ಲಿ ಹೊರಳಿಸಿದರೆ ದೇವರ ಹಕ್ಕು ಅಲ್ಲೇ ಸುಟ್ಟುಹೋಗಿ ವಸ್ತು ಮನುಷ್ಯರ ಪಾಲಿಗೆ ಬರುತ್ತದೆ, ಇಲ್ಲವಾದರೆ ಕೊಂಡುಹೋದವರ ಮನೆಯ ಮಕ್ಕಳ ಮೇಲೆ ಬೀಳುತ್ತದೆ ಎಂಬುದು ನಂಬಿಕೆ. ಬೇರೆ ಊರಿನ ಕಾಡುಗಳಿಗೆ ಈ ಕಟ್ಟಳೆ ಇತ್ತೋ ಇಲ್ಲವೋ, ಈ ಕಾಡಿಗಂತೂ ಇತ್ತು. ಈಗಿನವರು ನಗಬಹುದು. ನಗಲಿ, ಮಕ್ಕಳನ್ನು ಮಣ್ಣಿಗಿಟ್ಟವರು ಮಾತ್ರ ನಗಬಾರದು.

ಯಾಕೆಂದರೆ ಪೂವಮ್ಮ ಇಟ್ಟಿದ್ದಳು. ಅವಳ ಚೊಚ್ಚಲು ಮಗ ಪುಟ್ಟ ಆಗಷ್ಟೇ ಹೆಜ್ಜೆ ಇಡಲು ಕಲಿತಿದ್ದ. ಯಾರೋ ನೆಂಟರು ದೇವರಕಾಡಿನ ಅಂಚಿನಿಂದ ಒಂದು ಹಣ್ಣು ತಂದು ಮಗುವಿನ ಕೈಗೆ ಕೊಟ್ಟರು. ಸಣ್ಣ ವಯಸ್ಸಿನ ಪೂವಮ್ಮ, ಒಂದು ಹಣ್ಣಿಗೆ ಎಲ್ಲಿ ಒಲೆ ಹಚ್ಚುವುದೆಂದು ಉದಾಸೀನ ಮಾಡಿದಳು. ಆ ಮಳೆಗಾಲದಲ್ಲಿ ಜ್ವರ ಬಂದು ಮಗು ಹೋಯಿತು. ಜ್ವರ ಊರಿನಲ್ಲಿ ಇನ್ನೆಷ್ಟೋ ಮಕ್ಕಳನ್ನು ಕೊಂಡುಹೋಗಿತ್ತು, ಅವರೆಲ್ಲ ಹಣ್ಣು ತಿಂದವರಲ್ಲ. ಅದನ್ನು ಅವಳ ಗಂಡ ಗುರುವಪ್ಪ ಸಾಯುವ ತನಕ ಹೇಳಿದ. ಹೆತ್ತ ಹೊಟ್ಟೆ ಕೇಳಬೇಕಲ್ಲ. ಆಮೇಲೆ ಪೂವಮ್ಮ ಎಂದೂ ಆ ಒಲೆಯ ವಿಷಯದಲ್ಲಿ ಉದಾಸೀನ ಮಾಡಲಿಲ್ಲ. ಒಂದು ಸೊಪ್ಪಿನ ಎಲೆ ಹೊರಗೆ ಬಂದರೂ ಮಗ್ಗುಲು ಬದಲಿಸಿ ಬದಲಿಸಿ ಬೂದಿಯಲ್ಲಿ ಹೊರಳಿಸಿ ಕೊಡುತ್ತಿದ್ದಳು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿರಬೇಕು, ಕಚೇರಿಗಳ ಬೋರ್ಡಿನ ಬಣ್ಣ ಇನ್ನೂ ಹಸಿಯಾಗಿತ್ತು. ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಯಮುನ ಎಂಬ ಹುಡುಗಿ ನೆಲ್ಲಿಮಾನಿಗೆ ಬಂದಳು. ಹುಡುಗಿ ಎಂದರೆ ಪೂವಮ್ಮನ ಕಣ್ಣಿಗೆ ಹುಡುಗಿ, ಮದುವೆಯಾಗಿ ಒಂದು ಮಗುವಿದ್ದವಳು. ಮೈಸೂರಿನಲ್ಲಿ ಓದು ಮುಗಿಸಿ ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಮಗುವನ್ನು ತಾಯಿಯ ಹತ್ತಿರ ಬಿಟ್ಟು, ಮಂಡಿಯುದ್ದದ ಬೂಟು ಹಾಕಿಕೊಂಡು, ಮರದ ವಂಶಾವಳಿ ಕೇಳಲು ಬಂದಿದ್ದಾಳೆ ಎಂದು ಊರು ಬಾಯಿಗೆ ಕೈ ಹಚ್ಚಿ ನಕ್ಕಿತು. ಪೂವಮ್ಮನೂ ಮೊದಲು ನಕ್ಕಳು. ಆಮೇಲೆ ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟು, ನಿಜವಾಗಿ ಏನು ಬೇಕಿತ್ತೆಂದು ಕೇಳಿದಳು.

ಯಮುನ ಬಿಡಿಸಿ ಹೇಳಿದಳು. ಒಂದು ಕಾಲಕ್ಕೆ ಇಲ್ಲಿಂದ ಮಾಕುಟ್ಟದ ತನಕ ಒಂದೇ ಕಾಡು. ಕಾಫಿ ತೋಟಗಳು ಬಂದವು, ನಡುವಿನ ಕಾಡು ಹೋಯಿತು, ದೇವರಕಾಡುಗಳು ಅಲ್ಲೊಂದು ಇಲ್ಲೊಂದು ಉಳಿದವು. ಈಗ ಈ ಕಾಡಿನ ದೇವದಾರು ಆ ಕಾಡಿನ ದೇವದಾರಿನ ಹಾಗೆಯೇ ಇದೆಯೇ, ಅಥವಾ ಒಂದೊಂದು ಕಾಡಿನಲ್ಲಿ ಒಂದೊಂದು ಬಗೆಯಾಗಿ ಬೇರೆ ದಾರಿ ಹಿಡಿದಿದೆಯೇ? ಅದನ್ನು ತಿಳಿಯಲು ಬೇರೆ ಬೇರೆ ಕಾಡಿನ ಬೀಜ ತಂದು, ಒಂದೇ ಮಣ್ಣಿನಲ್ಲಿ, ಒಂದೇ ನೆರಳಿನಲ್ಲಿ, ಪಕ್ಕಪಕ್ಕದ ಪಾತಿಯಲ್ಲಿ ಬಿತ್ತಿ ನೋಡಬೇಕು. ಮೊಳಕೆಯ ಬೇರಿನ ತುದಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಬೇಕು. ಪಾತಿಗಳನ್ನು ಮಾಕುಟ್ಟದ ಕಡೆ ಮಾಡಿಕೊಂಡಿದ್ದಳು. ಈ ಸಣ್ಣ ಕಾಡಿನ ಮರಗಳಿಗೆ ಹೊರಗಿನ ಮರದ ಸಂಬಂಧ ಕಡಿದುಹೋಗಿ ಎಷ್ಟೋ ತಲೆಮಾರಾಗಿದೆ, ಒಳಗೊಳಗೇ ಕೂಡುತ್ತ ಬಂದಿವೆ, ಅದರಿಂದ ಬೀಜದ ಶಕ್ತಿ ಕುಂದಿದರೂ ಕುಂದಿರಬಹುದು ಎಂದಳು.

ಪೂವಮ್ಮನಿಗೆ ಇದು ಕೂಡಲೇ ಅರ್ಥವಾಯಿತು. ಅವಳ ಜನರಲ್ಲಿ ಒಂದೇ ಬಳಿಯ ಹುಡುಗ ಹುಡುಗಿಗೆ ಮದುವೆ ಮಾಡುವುದಿಲ್ಲ, ಒಂದು ಬಳಿಯವರು ಎಂದರೆ ಒಂದೇ ರಕ್ತ. ಹಾಗಾದರೆ ನಮ್ಮ ಮರಗಳು ಬಳಿಯೊಳಗೇ ಕೊಟ್ಟು ತಂದ ಹಾಗಾಯಿತಲ್ಲ ಎಂದು ಅವಳು ಕೇಳಿದಳು. ಯಮುನ ಆ ಮಾತಿಗೆ ಮನಸಾರೆ ನಕ್ಕು, ಅಷ್ಟೇ, ಅದಕ್ಕಿಂತ ಹೆಚ್ಚಿಗೆ ಇಲ್ಲ ಎಂದಳು. ಇನ್ನೂ ಒಂದು ಮಾತು ಹೇಳಿದಳು. ಈ ಕಾಡಿನ ದೇವದಾರು ಬೇರೆಲ್ಲೂ ಇಲ್ಲದ ಬಗೆಯದೆಂದು ತೋರಿಸಿಕೊಡಲು ಸಾಧ್ಯವಾದರೆ, ಇದನ್ನು ಯಾರೂ ಮುಟ್ಟದ ಹಾಗೆ ಉಳಿಸಿಕೊಳ್ಳಲು ತಾನು ಮೇಲಿನವರ ಹತ್ತಿರ ಓಡಾಡುತ್ತೇನೆ. ಆ ಮಾತು ಪೂವಮ್ಮನಿಗೆ ಜೇನಿನಂತೆ ಕೇಳಿಸಿತು, ಯಾಕೆಂದರೆ ಮರದ ವ್ಯಾಪಾರಿಯೊಬ್ಬ ಆಗಲೇ ವರ್ಷವರ್ಷವೂ ಬಂದು ದೇವದಾರುಗಳನ್ನು ಕೇಳಿ ಹೋಗುತ್ತಿದ್ದ. ಕಾಡಿನ ಉಸ್ತುವಾರಿ ಹೊತ್ತ ತಕ್ಕ, ಪೂವಮ್ಮನ ಮೈದುನ ಬೋಜಪ್ಪ, ಪ್ರತಿ ಸಲವೂ ಅವನಿಗೆ ಎಲೆ ಅಡಿಕೆ ಕೊಟ್ಟು ವಾಪಸು ಕಳಿಸುತ್ತಿದ್ದ. ಆದರೆ ಊರಿನಲ್ಲಿ ಕೆಲವರ ಬಾಯಲ್ಲಿ ನೀರೂರುತ್ತಿತ್ತು.

ಯಮುನ ಓದಿದವಳಾದರೂ ಹಟಮಾರಿಯಲ್ಲ. ಹೆಂಗಸರು ಒಳಗೆ ಹೋಗುವ ಹಾಗಿಲ್ಲ ಎಂದು ಗೊತ್ತಾದ ಮೇಲೆ ಗಡಿಕಲ್ಲಿನ ಈಚೆಗೇ ನಿಂತಳು. ಅವಳು ಬೂಟು ಹಾಕಿಕೊಂಡು ನುಗ್ಗಿದ್ದಿದ್ದರೆ, ತಾನೇ ಬೀಜ ಆರಿಸಿಕೊಂಡಿದ್ದಿದ್ದರೆ, ಈ ಕಥೆಯೇ ಬೇರೆಯಾಗುತ್ತಿತ್ತು. ಕೆಲವು ಸಲ ಮರ್ಯಾದೆಯೂ ಕುತ್ತಿಗೆಗೆ ಬರುತ್ತದೆ. ಬೋಜಪ್ಪ ಮಡಿಯುಟ್ಟು ಒಳಗೆ ಹೋಗಿ, ಬುಡದಲ್ಲಿ ಒಡೆದು ಬಿದ್ದ ಕಾಯಿಗಳಿಂದ ಬೀಜ ಆರಿಸಿ ಬುಟ್ಟಿಯಲ್ಲಿ ತಂದ. ಯಮುನ ಅಷ್ಟರಲ್ಲಿ ತೊರೆಯಲ್ಲಿ ಬೂಟಿನ ಕೆಸರು ತೊಳೆಯಲು ಇಳಿದಿದ್ದಳು. ಪೂವಮ್ಮ ಒಲೆ ಹಚ್ಚಿದಳು.

ಆ ದಿನ ಅವಳು ಬೇರೆ ದಿನಕ್ಕಿಂತ ಹೆಚ್ಚು ಹೊತ್ತು ಹೊರಳಿಸಿದಳು. ಮೈಸೂರಿನಲ್ಲಿ ಅಜ್ಜಿಯ ಮಡಿಲಲ್ಲಿರುವ ಆ ಮಗು ಅವಳ ಕಣ್ಣ ಮುಂದಿತ್ತು. ಅಂಥದೇ ಹೆಜ್ಜೆ ಇಡುವ ವಯಸ್ಸು. ತಾಯಿ ಏನೂ ತಿಳಿಯದೆ ದೇವರ ವಸ್ತು ಕೊಂಡುಹೋಗುತ್ತಿದ್ದಾಳೆ, ತಿಳಿದವಳು ತಾನು, ಜವಾಬ್ದಾರಿ ತನ್ನದು. ಬೀಜದ ಮೈ ಬೆಚ್ಚಗಾಗಿ, ತೊಗಲು ಕಂದಿ, ಬೂದಿ ಚೆನ್ನಾಗಿ ಹಿಡಿಯುವ ತನಕ ಬಿಡಲಿಲ್ಲ. ಆರಿದ ಮೇಲೆ ಕೆಸುವಿನ ಎಲೆಯಲ್ಲಿ ಕಟ್ಟಿ ಯಮುನಳ ಕೈಗೆ ಕೊಟ್ಟಳು.

ಯಮುನ ಬಿಚ್ಚಿ ನೋಡಿ, “ಬೂದಿ ಹಚ್ಚಿಟ್ಟಿದ್ದೀರಲ್ಲ ಪೂವಕ್ಕ, ಒಳ್ಳೇದಾಯ್ತು. ಹುಳ ಬೀಳೋದಿಲ್ಲ,” ಎಂದಳು.

ಹಳ್ಳಿಯ ಮನೆಗಳಲ್ಲಿ ಬಿತ್ತನೆಯ ಬೀಜಕ್ಕೆ ತಣ್ಣನೆಯ ಬೂದಿ ಹಚ್ಚಿಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಯಮುನ ಅದನ್ನೇ ನೆನೆದಳು. ಪೂವಮ್ಮ, ಓಹೋ, ಇವಳಿಗೂ ಕಟ್ಟಳೆ ಗೊತ್ತಿದೆ ಎಂದುಕೊಂಡಳು. ಬೆಂಕಿಯ ಮಾತು ಇಬ್ಬರ ನಡುವೆ ಬರಲೇ ಇಲ್ಲ. ಸಾರಿಗೆ ಉಪ್ಪು ಹಾಕಿದೆನೆಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ? ಪೂವಮ್ಮನಿಗೆ ಇದೂ ಅಷ್ಟೇ ಸಹಜವಾಗಿತ್ತು.

ನೆಲ್ಲಿಮಾನಿಯ ಪಾತಿ ಬರಿದಾಗಿ ಉಳಿಯಿತು. ಮಾಕುಟ್ಟದ ದೊಡ್ಡ ಕಾಡಿನ ಬೀಜ ತುಂಬ ಮೊಳೆತಿತ್ತು, ಬಿಟ್ಟಂಗಾಲದ ಕಡೆಯ ಒಂದು ದೇವರಕಾಡಿನದು ಅಷ್ಟಿಷ್ಟು ಮೊಳೆತಿತ್ತು, ಇಲ್ಲಿಯದು ಒಂದೂ ಇಲ್ಲ. ಮರುವರ್ಷ ಯಮುನ ಮತ್ತೆ ಬಂದಳು. ಮತ್ತೆ ಬೋಜಪ್ಪನ ಬುಟ್ಟಿ, ಮತ್ತೆ ಪೂವಮ್ಮನ ಒಲೆ. ಪೂವಮ್ಮ ಆ ಮಗುವಿಗೆಂದು ಒಂದು ಸಣ್ಣ ಕುಲಾವಿಯನ್ನೂ ಹೊಲಿದು ಕೊಟ್ಟಳು. ಎರಡನೆಯ ಸಲವೂ ಪಾತಿಯಲ್ಲಿ ಒಂದು ಹಸಿರು ಮೊಳಕೆಯೂ ಏಳಲಿಲ್ಲ.

ಸುಗ್ಗಿಯ ಮೊದಲು ಯಮುನ ಒಂದು ದಿನಕ್ಕೆ ಬಂದು, ಜಗಲಿಯಲ್ಲಿ ಕೂತು, ಬೋಜಪ್ಪನಿಗೂ ಪೂವಮ್ಮನಿಗೂ ಸಂಗತಿ ತಿಳಿಸಿದಳು. ತನಗೆ ಅನ್ನಿಸಿದ್ದೇ ಆಯಿತು. ಬೀಜ ಬಂಜೆಯಾಗಿದೆ. ಮರಗಳು ತಮ್ಮ ಆಯುಸ್ಸು ಇರುವಷ್ಟು ದಿನ ನಿಲ್ಲುತ್ತವೆ, ಅವುಗಳ ಹಿಂದೆ ಸಂತಾನವಿಲ್ಲ. ಹಾಗಿದ್ದರೂ ಈ ಮರಗಳನ್ನು ಉಳಿಸಿಕೊಳ್ಳಿ, ಹೊರಗಿನ ಸಸಿ ತಂದು ನಡುವೆ ನೆಟ್ಟು ನೋಡೋಣ ಎಂದೂ ಹೇಳಿದಳು. ಪೂವಮ್ಮ ಬಾಗಿಲ ಹಿಂದೆ ಹೋಗಿ ಕಣ್ಣೊರೆಸಿಕೊಂಡಳು.

ಬೋಜಪ್ಪ ಕೆಟ್ಟವನಲ್ಲ, ಆದರೆ ಊರಿನ ಬಾಯಿಗೆ ಹೆದರುವವನು. ಮೈಸೂರಿನಿಂದ ಬಂದವಳು ಹೀಗೆಂದಳು ಎಂದು ಒಂದು ಕಡೆ ಬಾಯಿಬಿಟ್ಟ. ಮಾತು ಗದ್ದೆಯಿಂದ ಗದ್ದೆಗೆ ಹಾರಿತು. ಉಳಿಸಿಕೊಳ್ಳಿ ಎಂದ ಅರ್ಧ ಮಾತು ದಾರಿಯಲ್ಲೇ ಬಿದ್ದುಹೋಯಿತು, ಬಂಜೆ ಎಂದ ಅರ್ಧ ಮಾತ್ರ ಊರು ಸೇರಿತು. ದೇವರ ಮರಕ್ಕೆ ಸಂತಾನವಿಲ್ಲವೆಂದರೆ ಏನರ್ಥ? ದೇವರು ಕಾಡು ಬಿಟ್ಟು ಎದ್ದುಹೋಗಿದ್ದಾನೆ ಎಂದರ್ಥ. ಒಣಗಿ ಬೀಳುವ ಮೊದಲು ಮಾರಿ, ಅಯ್ಯಪ್ಪನಿಗೆ ಗೋಡೆ ಕಟ್ಟಿ, ಮಂಗಳೂರು ಹೆಂಚು ಹೊದಿಸಿದ ಒಂದು ಗುಡಿ ಮಾಡಿದರೆ ಅವನು ವಾಪಸು ಬಂದಾನು. ಹುತ್ತರಿ ಹಬ್ಬ ಕಳೆದ ಮೇಲೆ ಊರಿನವರು ಸೇರಿ ಹೀಗೆಂದು ತೀರ್ಮಾನಿಸಿದರು. ವ್ಯಾಪಾರಿಗೆ ಮಾತು ಕೊಟ್ಟಾಯಿತು. ಹೆಂಗಸರನ್ನು ಯಾರು ಕೇಳುತ್ತಾರೆ? ಪೂವಮ್ಮನಿಗೆ ತಿಳಿದದ್ದು ಗರಗಸದವರು ಬಂದು ಗುಡಿಸಲು ಹಾಕಿದ ಮೇಲೆ. ಅವಳು ಎರಡು ದಿನ ಒಲೆ ಹಚ್ಚಲಿಲ್ಲ, ಸೊಸೆ ಸರೋಜ ಬೇಯಿಸಿ ಹಾಕಿದ್ದನ್ನೂ ಮುಟ್ಟಲಿಲ್ಲ. ಆದರೆ ಸಂತಾನವಿಲ್ಲದ ಮರ, ದೇವರೇ ಬಿಟ್ಟ ಕಾಡು ಎಂದ ಮೇಲೆ ಅವಳು ತಾನೇ ಏನು ಹೇಳಿಯಾಳು?

ಗರಗಸ ಇಳಿಯುವ ದಿನ ಬೆಳಿಗ್ಗೆ ಸರೋಜ ಗದ್ದೆಯಲ್ಲಿ ಸೌತೆ ಹಾಕಲು ಬೀಜ ತೆಗೆದಳು. ಅವಳ ಗಂಡ, ಪೂವಮ್ಮನ ಎರಡನೆಯ ಮಗ, ಸುಂಟಿಕೊಪ್ಪದ ಹತ್ತಿರ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮನೆಯಲ್ಲಿ ಅತ್ತೆ, ಸೊಸೆ, ತೊಟ್ಟಿಲಲ್ಲಿ ಸೊಸೆಯ ಮಗು, ಇಷ್ಟೇ ಜನ. ಬೀಜದ ಚೀಲ ತೇವವಾಗಿತ್ತೆಂದು ಸರೋಜ ಹಿಂದಿನ ದಿನ ಅದನ್ನು ಒಲೆಯ ದಂಡೆಯ ಮೇಲೆ ಇಟ್ಟು ಮರೆತುಬಿಟ್ಟಿದ್ದಳು. ಪೂವಮ್ಮ ಚೀಲ ಮುಟ್ಟಿ ನೋಡಿದಳು, ಬಿಸಿ. ದುಃಖವೆಲ್ಲ ಸೊಸೆಯ ಮೇಲೆ ಸಿಟ್ಟಾಗಿ ಹೊರಬಿತ್ತು.

“ಎಂತ ಸರೋಜ, ನಿನ್ನ ಅಪ್ಪನ ಮನೇಲಿ ಯಾರೂ ಬೀಜ ಬಿತ್ತಿಲ್ಲೆಯಾ? ಬೆಂಕಿ ತಾಗಿದ ಬೀಜ ಎಲ್ಲಾದರೂ ಹುಟ್ಟುದು ಉಂಟಾ?”

ಹೇಳಿದವಳು ಹೇಳಿದ ಹಾಗೇ ನಿಂತಳು. ಚೀಲ ಕೈಯಲ್ಲೇ ಇತ್ತು. ಸರೋಜ ಬೈಗುಳ ಇನ್ನೂ ಇದೆಯೆಂದು ತಲೆ ತಗ್ಗಿಸಿ ಕಾದಳು, ಬರಲಿಲ್ಲ. ತಲೆ ಎತ್ತಿ ನೋಡಿದರೆ ಅತ್ತೆಯ ಮುಖ ಸುಣ್ಣವಾಗಿತ್ತು. ಪೂವಮ್ಮ ಜೀವಮಾನವಿಡೀ ಬೀಜ ಬಿತ್ತಿದವಳು. ಬೆಂಕಿ ತಾಗಿದ ಬೀಜ ಸತ್ತ ಬೀಜವೆಂದು ತಾನು ಮಗುವಾಗಿದ್ದಾಗಲೇ ತಿಳಿದವಳು. ಆದರೆ ದೇವರಕಾಡಿನಿಂದ ಬಂದದ್ದನ್ನು ಯಾರೂ ಎಂದೂ ಬಿತ್ತಿರಲಿಲ್ಲ. ತಿನ್ನುವುದು, ಅರೆದು ಹಚ್ಚುವುದು, ಅಷ್ಟೇ. ದೇವರ ವಸ್ತು ಅವಳ ಮನಸ್ಸಿನಲ್ಲಿ ಪ್ರಸಾದವಾಗಿತ್ತು, ಬೀಜವಾಗಿರಲಿಲ್ಲ. ಮಣ್ಣಿಗೆ ಹಾಕುತ್ತೇನೆ ಎಂದು ಯಮುನ ಬಾಯಿಬಿಟ್ಟು ಹೇಳಿದ್ದರೂ ಎರಡು ವಿಷಯ ಅವಳ ತಲೆಯೊಳಗೆ ಒಂದನ್ನೊಂದು ಮುಟ್ಟಿರಲಿಲ್ಲ. ಈಗ ಮುಟ್ಟಿದವು.

ಬೋಜಪ್ಪ ತನ್ನ ಮನೆಯ ಅಂಗಳದಲ್ಲಿ ಕಾಡಿಗೆ ಬೆನ್ನು ಮಾಡಿ ಕೂತಿದ್ದ. ಪೂವಮ್ಮ ಓಡುತ್ತ ಬಂದವಳು ಉಸಿರು ಬಿಡದೆ ಹೇಳಿದಳು. “ಬೋಜಪ್ಪ, ಮರದಲ್ಲಿ ದೋಷ ಇಲ್ಲೆ. ನಾನು ಬೀಜ ಹುರ್ದು ಕೊಟ್ಟದ್ದು. ಎರಡು ಸಲವೂ ಹುರ್ದು ಕೊಟ್ಟೆ. ನಿಲ್ಸು.”

ಬೋಜಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾಯಿತು. ಆದರೂ ಏಳಲಿಲ್ಲ.

“ಬೆಂಕಿ ತೋರ್ಸುದು ಕಟ್ಟಳೆ ಅಲ್ವಾ ಅತ್ತಿಗೆ,” ಎಂದ. “ಕಟ್ಟಳೆ ಮಾಡಿದ್ದಕ್ಕೇ ದೇವರ ಕಾಡು ಹೋತು ಅಂತ ಊರಿಗೆ ನಾನು ಯಾವ ಬಾಯಲ್ಲಿ ಹೇಳ್ಲಿ?”

ಅವನು ಮುಖ ಮುಚ್ಚಿಕೊಂಡ. ಪೂವಮ್ಮ ಅವನನ್ನು ಬಿಟ್ಟು ಗಡಿಕಲ್ಲಿಗೆ ಓಡಿದಳು. ಒಳಗೆ ಕೊಡಲಿಯ ಸದ್ದು ಕೇಳುತ್ತಿತ್ತು. ಅವಳು ಕೂಗಿದಳು. ಮರ ಕಡಿಯುವವರು ಘಟ್ಟದ ಕೆಳಗಿನಿಂದ ಬಂದವರು, ಅವಳ ಮಾತು ಅವರಿಗೆ ತಿಳಿಯದು. ಮರದ ನಡುವೆ ಒಬ್ಬ ಕಾಣಿಸಿಕೊಂಡು, ಮರ ಬೀಳುತ್ತದೆ, ದೂರ ಹೋಗು ಎಂದು ಕೈ ಬೀಸಿ ಸನ್ನೆ ಮಾಡಿದ. ಒಳಗೆ ಹೋಗಿ ಬುಡವನ್ನು ತಬ್ಬಿಕೊಂಡು ನಿಂತರೆ ಯಾರಾದರೂ ನಿಲ್ಲಿಸುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು. ಒಂದು ಕಾಲು ಎತ್ತಿಯೂ ಎತ್ತಿದಳು. ಅಷ್ಟರಲ್ಲಿ ತೊಟ್ಟಿಲಲ್ಲಿ ಮಲಗಿದ್ದ ಸರೋಜಳ ಮಗುವಿನ ನೆನಪು ಬಂತು, ಅದರ ಹಿಂದೆ ಪುಟ್ಟನ ನೆನಪು ಬಂತು. ಎತ್ತಿದ ಕಾಲನ್ನು ಗಡಿಯ ಈಚೆಗೇ ಇಟ್ಟಳು. ದೊಡ್ಡ ದೇವದಾರು ಅವಳ ಕಣ್ಣೆದುರೇ ಬಿತ್ತು, ನೆಲ ಅವಳ ಕಾಲಡಿಯಲ್ಲಿ ನಡುಗಿತು.

ಆನೆ ಕಟ್ಟಿ ನಾಟಾ ದಿಮ್ಮಿಗಳನ್ನು ಎಳೆದುಕೊಂಡು ಹೋದ ಮೇಲೆ ಕಾಡಿಗೆ ಗಡಿಯಾದರೂ ಎಲ್ಲಿ? ದನಗಳು ಹೋಗುತ್ತಿದ್ದವು, ಸೌದೆಗೆ ಹೆಂಗಸರು ಹೋಗುತ್ತಿದ್ದರು, ಯಾರೂ ಬೇಡವೆನ್ನಲಿಲ್ಲ. ಎಲ್ಲರೂ ಹೋಗಿ ಬಂದ ಮೇಲೆ ಪೂವಮ್ಮನೂ ಒಂದು ದಿನ ಹೋದಳು. ಮಣ್ಣಿನ ನಾಯಿಗಳನ್ನು ಮೊದಲ ಸಲ ನೋಡಿದಳು. ಆನೆಗಳು ನಾಟಾ ಎಳೆದ ದಾರಿಯಲ್ಲಿ ಅವು ಚೂರಾಗಿ ಬಿದ್ದಿದ್ದವು, ತಾನು ಬಳಿದ ಕೆಮ್ಮಣ್ಣನ್ನು ಅವಳು ಗುರುತು ಹಿಡಿದಳು. ದೊಡ್ಡ ಮರದ ಬುಡ ಹುಡುಕಿಕೊಂಡು ಹೋದಳು. ಅಲ್ಲಿ ಅವಳು ಕುಸಿದು ಕೂತಳು.

ಬುಡದ ಸುತ್ತ, ಕಾಲಿಡಲು ಜಾಗವಿಲ್ಲದಷ್ಟು, ದೇವದಾರಿನ ಸಸಿಗಳಿದ್ದವು. ಹಿಂದಿನ ಮಳೆಗಾಲದಲ್ಲಿ ಹುಟ್ಟಿದವು ಗೇಣುದ್ದ, ಅದರ ಹಿಂದಿನವು ಮೊಣಕಾಲೆತ್ತರ. ಯಾರೂ ಬೆಂಕಿ ತೋರಿಸದ ಬೀಜಗಳು. ಅರ್ಧಕ್ಕರ್ಧ ಆನೆಯ ಕಾಲಡಿಯಲ್ಲಿ ಅರೆದುಹೋಗಿದ್ದವು. ಉಳಿದವುಗಳ ಮೇಲೆ, ಹುಟ್ಟಿದಂದಿನಿಂದ ಕಂಡಿರದ ಬಿಸಿಲು ನೇರವಾಗಿ ಬೀಳುತ್ತಿತ್ತು. ಬೋಜಪ್ಪ ಪ್ರತಿ ವರ್ಷ ಇವುಗಳನ್ನು ತುಳಿದುಕೊಂಡೇ ಹೋಗಿದ್ದಿರಬೇಕು. ನೆಲದ ಮೇಲಿನ ಹಸಿರನ್ನು ಯಾರು ಎಲೆ ಬಿಡಿಸಿ ನೋಡುತ್ತಾರೆ?

ಆಮೇಲೆ ಆ ಬೇಸಗೆಯಿಡೀ ಪೂವಮ್ಮ ತೊರೆಯಿಂದ ನೀರು ಹೊತ್ತಳು. ಸಸಿಗಳಿಗೆ ಜರಿಗಿಡದ ಸೊಪ್ಪು ಮುಚ್ಚಿ ನೆರಳು ಮಾಡಿದಳು. ಕೆಲವನ್ನು ಕಿತ್ತು ತಂದು ಮನೆಯ ಹಿಂದೆ ನೆಟ್ಟಳು. ಮುದುಕಿಗೆ ಮತಿ ಕೆಟ್ಟಿದೆ ಎಂದು ಊರು ಆಡಿಕೊಂಡಿತು, ಸರೋಜ ಮಾತ್ರ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅವಳ ಜೊತೆ ಒಂದೆರಡು ಕೊಡ ಹೊತ್ತಳು. ನೆರಳಿನಲ್ಲಿ ಬೆಳೆದ ಜೀವ, ಬಿಸಿಲು ತಡೆಯಲಿಲ್ಲ. ಮೊದಲ ಮಳೆ ಬೀಳುವಷ್ಟರಲ್ಲಿ ಒಂದೊಂದಾಗಿ ಎಲ್ಲವೂ ಒಣಗಿದವು.

ಮಳೆಯ ಹಿಂದೆಯೇ ಯಮುನ ಬಂದಳು. ಹೊರಗಿನ ಕಾಡಿನ ಸಸಿಗಳನ್ನು ಬುಟ್ಟಿಯಲ್ಲಿ ತಂದಿದ್ದಳು, ನಡುವೆ ನೆಟ್ಟು ನೋಡೋಣ ಎಂದಿದ್ದಳಲ್ಲ. ಬಸ್ಸಿನಿಂದ ಇಳಿದು ತಲೆ ಎತ್ತಿದವಳಿಗೆ ಮರದ ತುದಿ ಕಾಣಲಿಲ್ಲ. ಪೂವಮ್ಮ ಬುಡದ ಹತ್ತಿರವೇ ಇದ್ದಳು. ಕರೆದು ಕೂರಿಸಿ, ಒಣಗಿದ ಸಸಿಗಳನ್ನು ತೋರಿಸಿ, ಒಲೆಯ ಸಂಗತಿ, ಓಡಿನ ಸಂಗತಿ, ಎಲ್ಲವನ್ನೂ ಹೇಳಿದಳು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ಕಾದಳು.

ಯಮುನ ಒಂದು ಒಣಸಸಿಯನ್ನು ಕಿತ್ತು ಬೇರು ನೋಡಿದಳು. ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದಳು. “ಬೂದಿ ನನ್ನ ಕೈಗೇ ಅಂಟಿತ್ತು ಪೂವಕ್ಕ,” ಎಂದಳು. “ನಾನೂ ಕೇಳಲಿಲ್ಲ.” ಆಮೇಲೆ, ಆ ಬೀಜ ಅಷ್ಟು ಕಂದುವ ತನಕ ಯಾಕೆ ಹೊರಳಿಸಿದಿರಿ ಎಂದು ಕೇಳಿದಳು.

“ನಿಮ್ಮ ಕೂಸಿಗೆ ಎಂತದೂ ಆಗ್ಬಾರ್ದು ಅಂತ.”

ಪೂವಮ್ಮ ಅವಳ ಮುಖವನ್ನೇ ನೋಡಿದಳು. ಆ ವರ್ಷವಿಡೀ ಆ ಮಗುವಿನ ಸುದ್ದಿ ಕೇಳಲು ಅವಳಿಗೆ ಬೇರೆ ಯಾರೂ ಇರಲಿಲ್ಲ.

“ಕೂಸು ಹುಷಾರು ಉಂಟಾ?”

“ಹುಷಾರಾಗಿದಾನೆ,” ಎಂದಳು ಯಮುನ. “ನೀವು ಹೊಲಿದು ಕೊಟ್ಟ ಕುಲಾವಿ ತಲೆಗೆ ಹಿಡಿಸೋದಿಲ್ಲ ಈಗ. ದೊಡ್ಡವನಾಗಿದಾನೆ.”

ಪೂವಮ್ಮ ತಲೆಯಾಡಿಸಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಪುಟ್ಟ ಹೋದ ದಿನ ಅತ್ತ ಹಾಗೆ. ಯಮುನ ಸಸಿಯ ಬುಟ್ಟಿಯನ್ನು ಪಕ್ಕಕ್ಕಿಟ್ಟು ಅವಳ ಹತ್ತಿರ ಸರಿದು ಕೂತಳು. ಇಬ್ಬರು ಹೆಂಗಸರು ದೇವರಕಾಡಿನ ನಟ್ಟನಡುವೆ ಕತ್ತಲಾಗುವ ತನಕ ಕೂತಿದ್ದರು, ಯಾರೂ ಬಂದು ಹೊರಗೆ ಹೋಗಿ ಎನ್ನಲಿಲ್ಲ.